ನನ್ನ ಅಡುಗೆಮನೆಯಲ್ಲಿ ಸ್ಟ್ರೆಚರ್ ಓಡಿಸಿದವರು

ನನ್ನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಸುಟ್ಟ ಕಲೆ ಇದೆ. ಜನ್ಮವಿಡೀ ಒಲೆಯ ಮುಂದೆ ನಿಂತ ಹೋಟೆಲಿನವನ ಕೈಯಲ್ಲಿ ಸುಟ್ಟ ಕಲೆ ಇರುವುದು ದೊಡ್ಡ ವಿಷಯವೇನಲ್ಲ. ಆದರೆ ಇದನ್ನು ಮಾಡಿದ್ದು ಒಲೆಯಲ್ಲ, ಒಬ್ಬ ಡಾಕ್ಟರು. ಹೋದ ವಾರ ಅವರು ವಿಜಯಪುರದಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರೆಂದು ಫೋನು ಬಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಅಂಗಿಯ ತೋಳು ಮಡಿಚಿ ಆ ಕಲೆಯನ್ನು ನೋಡಿಕೊಂಡದ್ದು. "ದಾದ ಆಂಡ್?" ಎಂದು ಹೆಂಡತಿ ತುಳುವಿನಲ್ಲಿ ಕೇಳಿದಳು. ಏನಾಯಿತೆಂದು ಹೇಳಬೇಕಲ್ಲ, "ಮಾರಿ ಹೋದಳಂತೆ" ಎಂದೆ. ಹಾಗೆಂದವನೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮಾರಿ ಎಂಬುದು ನಮ್ಮ ಅಡುಗೆಮನೆ ಅವರಿಗೆ ಇಟ್ಟ ಹೆಸರು. ನವಿ ಮುಂಬಯಿಯ ಮಹಾಪೆಯಿಂದ ಸ್ವಲ್ಪ ಮುಂದಿರುವ ಒಂದು ಆಸ್ಪತ್ರೆಯಲ್ಲಿ ನನ್ನದು ಕ್ಯಾಂಟೀನು. ಊರು ಉಡುಪಿ ಕಡೆ, ಮನೆ ಡೊಂಬಿವಿಲಿಯಲ್ಲಿ, ಜೀವ ಮಾತ್ರ ಈ ಕ್ಯಾಂಟೀನಿನಲ್ಲಿ. ಅವರು ಇಲ್ಲಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬಂದ ಮೊದಲ ವಾರವೇ ನಮ್ಮಿಬ್ಬರ ಪರಿಚಯವಾಯಿತು. ಅದಕ್ಕೆ ಪರಿಚಯ ಎನ್ನಬಹುದಾದರೆ.

ವಾಶಿ ಮಾರ್ಕೆಟ್ಟಿನ ಈರುಳ್ಳಿ ವ್ಯಾಪಾರಿಯೊಬ್ಬ, ಒಳಗೆ ಮಲಗಿದ್ದ ತನ್ನ ಅಣ್ಣನನ್ನು ನೋಡಲು ಬಂದವನು, ಕೌಂಟರಿನ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದ. ಇದ್ದಕ್ಕಿದ್ದಂತೆ ಅವನ ಕೈಯಿಂದ ಗ್ಲಾಸು ಜಾರಿತು. ಬಾಯಿಯ ಒಂದು ಬದಿ ಜೋತುಬಿತ್ತು, ಮಾತಾಡಲು ಹೋದರೆ ನಾಲಿಗೆ ಹೊರಳಲಿಲ್ಲ, ಹಾಗೆಯೇ ಕುಸಿದ. ಹೋಟೆಲಿನಲ್ಲಿ ಯಾರು ಬಿದ್ದರೂ ನಮಗೆ ಗೊತ್ತಿರುವ ಕಾರಣ ಒಂದೇ, ಸಕ್ಕರೆ ಇಳಿದಿದೆ. ಗೊತ್ತಿರುವ ಔಷಧವೂ ಒಂದೇ, ಸಕ್ಕರೆ ಜಾಸ್ತಿ ಹಾಕಿದ ಚಹಾ. ನಮ್ಮ ಅಡುಗೆಯ ಸಂಜೀವ ಅವನ ತಲೆ ಎತ್ತಿ ಹಿಡಿದ. ನಾನು ಒಂದು ಕೈಯಲ್ಲಿ ಕೆಟಲು, ಇನ್ನೊಂದರಲ್ಲಿ ಬಸಿ ಹಿಡಿದು, ಬಸಿಗೆ ಹೊಯ್ದು ಆರಿಸಿ ಕುಡಿಸಲು ಹೊರಟೆ.

ಬಾಗಿಲ ಕಡೆಯಿಂದ ಒಂದು ಹೆಂಗಸು ಕುರ್ಚಿಗಳನ್ನು ಒದ್ದುಕೊಂಡು ಬಂದದ್ದನ್ನು ನೋಡಿದೆ. ಅಷ್ಟರಲ್ಲಿ ನನ್ನ ಕೈಗೆ ಏಟು ಬಿತ್ತು. ಬಸಿ ಗೋಡೆಗೆ ಹೋಗಿ ಒಡೆಯಿತು, ಕೆಟಲು ಮಗುಚಿ ಕುದಿಯುವ ಚಹಾ ಪೂರ್ತಿ ನನ್ನ ಎಡಗೈ ಮೇಲೆ ಇಳಿಯಿತು. ನಾನು ಕಿರುಚಿದೆ. ಅವರು ನನಗಿಂತ ಜೋರಾಗಿ ಕಿರುಚಿದರು.

"ನುಂಗಾಕ ಬರ್ತೈತೋ ಇಲ್ಲೋ ನೋಡಲಾರದ ಬಾಯಾಗ ಚಾ ಹಾಕ್ತೀರೇನ್ರಿ? ಎದಿಗೆ ಇಳದು ಸಾಯ್ತಾನ! ಯಾವಾಗಿಂದ ಹಿಂಗ ಆಗ್ಯಾನ?"

"ಈಗ... ಈಗಷ್ಟೇ ಮಾರಾಯ್ರೆ, ಕೈ ಸುಟ್ಟಿತು ನಂದು..."

"ಈಗ ಅಂದ್ರ? ನೀವ ಕಣ್ಣಾರೆ ನೋಡೀರಿ?"

"ಹೌದು, ನನ್ನ ಹತ್ರ ಚಿಲ್ಲರೆ ಕೇಳ್ತಾ ಇದ್ದ!"

ಅಷ್ಟು ಸಾಕಾಯಿತು ಅವರಿಗೆ. ಸ್ಟ್ರೆಚರ್ ತರುವವರಿಗೆ ಕಾಯಲಿಲ್ಲ. ನಾವು ಪಾತ್ರೆ ಸಾಗಿಸುವ ಗಾಲಿಗಾಡಿಯಿಂದ ಇಡ್ಲಿ ಡಬ್ಬಗಳನ್ನು ಒಂದೇ ಬೀಸಿಗೆ ನೆಲಕ್ಕೆ ಕೆಡವಿದರು, ಸಂಜೀವನ ಕುತ್ತಿಗೆಪಟ್ಟಿ ಹಿಡಿದು "ಹಿಡಿ ಕಾಲು" ಎಂದರು, ಆ ಮನುಷ್ಯನನ್ನು ಅದರ ಮೇಲೆ ಒಗೆದ ಹಾಗೆ ಹಾಕಿಕೊಂಡು ಎದುರಿನ ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಓಡಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಓಡುತ್ತಲೇ "ನಳದ ಕೆಳಗ ಹಿಡೀರಿ ಕೈ" ಎಂದದ್ದು ಕೇಳಿಸಿತು. ಆ ವ್ಯಾಪಾರಿ ಕೆಲವು ದಿನಗಳಲ್ಲಿ ತನ್ನ ಕಾಲ ಮೇಲೆ ನಡೆದುಕೊಂಡು ಕ್ಯಾಂಟೀನಿಗೆ ಬಂದು, ಅರ್ಧ ಕುಡಿದ ಚಹಾ ಬಾಕಿ ಇದೆ ಎಂದ. ಬ್ಯಾಂಡೇಜು ಕಟ್ಟಿಕೊಂಡ ಕೈಯಲ್ಲೇ ಅವನಿಗೆ ಕೊಟ್ಟೆ.

ಲಕ್ವಾ ಎಂಬ ಈ ರೋಗದ ವಿಷಯವನ್ನು ನಾನು ಅವರ ಬಾಯಿಂದಲೇ ಕಲಿತದ್ದು, ಬೈಸಿಕೊಂಡೇ ಕಲಿತದ್ದು. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅದರ ಆಚೆಯ ಭಾಗ ಕ್ಷಣಕ್ಷಣಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಮೊದಲ ಕೆಲವೇ ಗಂಟೆಗಳ ಒಳಗೆ ಕೊಡಬೇಕು, ಕೊಡುವ ಮುಂಚೆ ತಲೆಯ ಸ್ಕ್ಯಾನ್ ಮಾಡಿ ಒಳಗೆ ರಕ್ತ ಸೋರಿಲ್ಲವೆಂದು ನೋಡಬೇಕು. ತಡವಾಗಿ ಕೊಟ್ಟರೆ ಅದೇ ಇಂಜೆಕ್ಷನ್ ತಲೆಯೊಳಗೆ ರಕ್ತ ಹರಿಸಿ ಕೊಲ್ಲಬಹುದು. ಹಾಗಾಗಿ ಅವರಿಗೆ ಎರಡೇ ಚಿಂತೆ. ಒಂದು, ರೋಗಿಯನ್ನು ಗೇಟಿನಿಂದ ಸ್ಕ್ಯಾನಿಗೆ ಎಷ್ಟು ಬೇಗ ಒಯ್ಯುವುದು. ಎರಡು, ಅವನು ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ ಎಂಬ ಸತ್ಯವನ್ನು ಮನೆಯವರ ಬಾಯಿಂದ ಹೇಗೆ ಹೊರಡಿಸುವುದು.

"ಶೆಟ್ರ, ಅನ್ನ ತಳಾ ಹತ್ತಾಕತ್ತೈತಿ ಅಂದ್ರ ನೀವು ಏನ್ ಮಾಡ್ತೀರಿ?" ಎಂದು ಒಮ್ಮೆ ಕೇಳಿದರು.

"ಒಲೆ ಆಫ್ ಮಾಡ್ತೇನೆ. ಇದೆಂಥ ಪ್ರಶ್ನೆ?"

"ಮೊದಲ ಪಾತ್ರಿ ಹೆಸರು ಬರ್ಕೊಳ್ಳೂದಿಲ್ಲ? ಪಾತ್ರಿ ಅಪ್ಪನ ಹೆಸರು? ಪಾತ್ರಿ ಯಾವ ಓಣ್ಯಾಗ ಇರ್ತೈತಿ ಅಂತ? ನಮ್ಮ ದವಾಖಾನ್ಯಾಗ ಅದನ್ನ ಮಾಡಾಕತ್ತಾರ."

ಅವರು ಬರುವ ಮುಂಚೆ ನಿಜವಾಗಿಯೂ ಹಾಗೇ ಇತ್ತು. ಆಂಬ್ಯುಲೆನ್ಸಿನಿಂದ ಇಳಿದ ರೋಗಿ ಮೊದಲು ರಿಸೆಪ್ಷನ್ನಿಗೆ, ಅಲ್ಲಿಂದ ಕ್ಯಾಶುವಾಲ್ಟಿ ಮಂಚಕ್ಕೆ, ಅಲ್ಲಿ ಬಟ್ಟೆ ಬದಲಿಸಿ, ಚಿಕ್ಕ ಡಾಕ್ಟರು ನೋಡಿ, ದೊಡ್ಡ ಡಾಕ್ಟರಿಗೆ ಫೋನು ಮಾಡಿ, ಆಮೇಲೆ ಉದ್ದದ ಕಾರಿಡಾರು ಸುತ್ತಿ ಸ್ಕ್ಯಾನಿಗೆ. ಅವರು ಇದೆಲ್ಲವನ್ನೂ ಕೈಯಿಂದ ಕಾಲಿನಿಂದ ಒಡೆದರು. ಆಂಬ್ಯುಲೆನ್ಸ್ ಡ್ರೈವರುಗಳಿಗೆ ತಮ್ಮ ಸ್ವಂತ ನಂಬರು ಕೊಟ್ಟು, ದಾರಿಯಿಂದಲೇ ಫೋನು ಮಾಡಬೇಕೆಂದು ತಾಕೀತು ಮಾಡಿದರು. ಶಿಲ್‌ಫಾಟಾದ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡು ಫೋನು ಮಾಡದೆ ಬಂದ ಒಬ್ಬ ಡ್ರೈವರನ ಗಾಡಿಯ ಕನ್ನಡಿಯನ್ನು ಕೀಲಿಯಿಂದ ಹೊಡೆದು ಬಿರುಕು ಬಿಡಿಸಿದರು. ರೋಗಿಯ ಮುಂದೆ ನಿಂತು ಬರೆಯುತ್ತಿದ್ದ ಚಿಕ್ಕ ಡಾಕ್ಟರನ ಕೈಯ ಪೆನ್ನು ಕಿತ್ತು ಕಸದ ಬುಟ್ಟಿಗೆ ಎಸೆದು, "ಓಡು, ಆಮ್ಯಾಲ ಕವಿತಾ ಬರಿ" ಎಂದರು. ಇಂಜೆಕ್ಷನ್ನನ್ನು ಸ್ಕ್ಯಾನ್ ಮೇಜಿನ ಮೇಲೆಯೇ, ಚಿತ್ರ ಬಂದ ಕೂಡಲೇ ಕೊಡುವ ಕ್ರಮ ತಂದರು. ಚಿಕ್ಕ ಡಾಕ್ಟರುಗಳು ನನ್ನ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಕಣ್ಣೀರು ಹಾಕಿ ಹೋಗುವುದು ರೂಢಿಯಾಯಿತು.

ಮನೆಯವರನ್ನು ಅವರು ವಿಚಾರಿಸುವ ರೀತಿಯನ್ನು ನೋಡಿದರೆ ಪೊಲೀಸರೂ ನಾಚಬೇಕು. "ಕಡೀಕ ಯಾವಾಗ ಚಲೋ ಇದ್ದ?" ಎಂಬುದನ್ನು ಅವರು ಎಂದೂ ಒಂದು ಸಲ ಕೇಳಿ ಬಿಟ್ಟವರಲ್ಲ. ಒಮ್ಮೆ ಮಗನ ಮುಖಕ್ಕೆ ಮುಖವಿಟ್ಟು, ಒಮ್ಮೆ ಸೊಸೆಯನ್ನು ಪಕ್ಕಕ್ಕೆ ಎಳೆದು, ಮತ್ತೊಮ್ಮೆ ಮಗನ ಕಾಲರು ಹಿಡಿದು. ಹಿಂದಿ, ಮರಾಠಿ, ಇಂಗ್ಲಿಷು, ಯಾವುದರಲ್ಲಾದರೂ ಅದೇ ಗುದ್ದು. ಜನ ಸುಳ್ಳು ಹೇಳುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಎಲ್ಲರೂ ಬೆಳಿಗ್ಗೆ ಲೋಕಲ್ ಹಿಡಿದು ಹೋಗಿಬಿಡುತ್ತಾರೆ, ಮನೆಯಲ್ಲಿ ಅಪ್ಪನೋ ಅಮ್ಮನೋ ಯಾವಾಗ ಬಿದ್ದರೆಂದು ಯಾರು ನೋಡಿದ್ದಾರೆ? ಆದರೂ ನಾಚಿಕೆಗೆ, ಇಲ್ಲವೇ ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲವೆಂಬ ಭಯಕ್ಕೆ, ಎಲ್ಲರೂ ಹೇಳುವುದು ಒಂದೇ, "ಅಭೀ ಅಭೀ ಹುವಾ", ಈಗಷ್ಟೇ ಆಯಿತು.

ಇಷ್ಟೆಲ್ಲ ಸಿಟ್ಟಿನ ಹಿಂದೆ ಏನೋ ದುಃಖದ ಕತೆ ಇರಬೇಕೆಂದು ನರ್ಸುಗಳು ಹುಡುಕಿದ್ದೇ ಹುಡುಕಿದ್ದು. ಅವರ ಮನೆಯಲ್ಲಿ ಯಾರೂ ಲಕ್ವಾ ಹೊಡೆದು ಸತ್ತಿರಲಿಲ್ಲ. ಗಂಡ ಇರಲಿಲ್ಲ, ಅದರ ಬಗ್ಗೆ ಬೇಸರವೂ ಇದ್ದಂತಿರಲಿಲ್ಲ. ನಾನೇ ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಸಿಟ್ಟ ಬರಲಾರದ ಓಡಾಕ ಬರ್ತೈತೇನ್ರಿ?" ಎಂದರು, ಅಷ್ಟೇ. ನಿಂತುಕೊಂಡೇ ಊಟ ಮಾಡುತ್ತಿದ್ದರು. ಮೊಸರನ್ನಕ್ಕೆ ತಾವೇ ಡಬ್ಬಿಯಲ್ಲಿ ತಂದ ಶೇಂಗಾ ಚಟ್ನಿ ಪುಡಿ. ನನ್ನ ಸಾಂಬಾರನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು, "ಶೆಟ್ರ, ಇವತ್ತ ಪಾಯಸ ಭಾಳ ಚಲೋ ಆಗೇತಿ" ಎನ್ನುವರು. ಬೆಲ್ಲ ಹಾಕದ ಸಾಂಬಾರನ್ನು ನಮ್ಮ ಕಡೆಯವರು ಹೇಗೆ ಮಾಡಲಿ?

ಯಾರಾದರೂ ಅವರ ಮೆಚ್ಚುಗೆ ಗಳಿಸಿದರೆ ಅದಕ್ಕೂ ಏಟೇ. ಬೆನ್ನಿನ ಮೇಲೆ ಅಂಗೈ ಬಿಚ್ಚಿ ಒಂದು ಗುದ್ದು, ತಿಂದವನು ಎರಡು ಸಲ ಕೆಮ್ಮಬೇಕು. ಅದನ್ನು ತಿಂದ ನರ್ಸು ಇಡೀ ದಿನ ಮುಖ ಅರಳಿಸಿಕೊಂಡು ಓಡಾಡುತ್ತಿದ್ದಳು. ನನಗೆ ಅದು ವರ್ಷಗಟ್ಟಲೆ ಸಿಗಲಿಲ್ಲ. ಸಿಕ್ಕಿದ್ದು ಕುದಿಯುವ ಚಹಾ.

ಆ ಚಹಾದ ದಿನ ಅವರ ತಲೆಗೆ ಒಂದು ಹುಳ ಹೊಕ್ಕಿತ್ತು. ನನ್ನ ಅಡುಗೆಮನೆಯ ಹಿಂಬಾಗಿಲು ಆಂಬ್ಯುಲೆನ್ಸ್ ನಿಲ್ಲುವ ಗಲ್ಲಿಗೆ ತೆರೆಯುತ್ತದೆ, ತರಕಾರಿ ಮತ್ತು ಗ್ಯಾಸ್ ಸಿಲಿಂಡರು ಬರುವುದು ಅಲ್ಲಿಂದಲೇ. ಊಟದ ಹಾಲಿನ ಮುಂಬಾಗಿಲು ಸ್ಕ್ಯಾನ್ ಕೋಣೆಯ ನೇರ ಎದುರಿಗೆ. ಅಂದರೆ ಇಡೀ ಆಸ್ಪತ್ರೆಯನ್ನು ಸುತ್ತುವ ಬದಲು ನನ್ನ ಹೊಟ್ಟೆಯೊಳಗಿಂದ ಹಾದುಹೋದರೆ ರೋಗಿ ಆಚೆ! ಕ್ಯಾಂಟೀನನ್ನು ಸೀಳಿ ದಾರಿ ಮಾಡಿಕೊಡಿ ಎಂದು ಅವರು ಮ್ಯಾನೇಜ್‌ಮೆಂಟಿನ ಬೆನ್ನು ಹತ್ತಿದರು. ಕೊಡಬೇಡಿ ಎಂದು ನಾನು ಬೆನ್ನು ಹತ್ತಿದೆ. ಆ ದಾರಿ ಬಂದರೆ ನನ್ನ ಊಟದ ಹಾಲಿನ ಅರ್ಧ ಹೋಯಿತು, ಅದು ಹೋದರೆ ನನ್ನ ಬದುಕು ಹೋಯಿತು. ಎರಡು ವರ್ಷ ನಾವಿಬ್ಬರೂ ಎದುರುಬದುರು ಸಿಕ್ಕಾಗ ಹಾವು ಮುಂಗುಸಿಯ ಹಾಗೆ ಇದ್ದೆವು. ಮ್ಯಾನೇಜ್‌ಮೆಂಟು ಎರಡು ಕಡೆಗೂ "ದೇಖತೇ ಹೈಂ", ನೋಡೋಣ, ಎನ್ನುತ್ತಿತ್ತು.

ಒಂದು ದಿನ ಮಧ್ಯಾಹ್ನ, ಊಟದ ಭರ್ತಿ ಹೊತ್ತು. ಹಿಂಬಾಗಿಲು ಧಡಾರನೆ ತೆರೆದುಕೊಂಡಿತು. ಸ್ಟ್ರೆಚರ್ ಮೇಲೆ ಮಹಾಪೆಯ ಕಂಪ್ಯೂಟರ್ ಕಂಪನಿಯ ಒಬ್ಬ ತರುಣಿ, ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿದೆ, ಬಲಗೈ ಬಲಗಾಲು ಸತ್ತಿವೆ. ಹಿಂದೆ ತಳ್ಳುತ್ತಿರುವವರು ಡಾಕ್ಟರಮ್ಮ.

"ಡಾಕ್ಟ್ರೆ, ಇದು ಅಡುಗೆಮನೆ ಮಾರಾಯ್ರೆ!" ಎಂದು ನಾನು ಅಡ್ಡ ನಿಂತೆ.

"ಸರೀರಿ!" ಎಂದವರು ಸ್ಟ್ರೆಚರನ್ನು ನನ್ನ ತೊಡೆಗೆ ಗುದ್ದಿದರು. ನಾನು ಈರುಳ್ಳಿ ಬುಟ್ಟಿಯ ಮೇಲೆ ಕೂತೆ. ಸ್ಟ್ರೆಚರಿನ ಮೂಲೆ ಸಾಂಬಾರಿನ ಹಂಡೆಗೆ ತಗುಲಿ ಹಂಡೆ ಮಗುಚಿತು. ಸಂಜೀವ ಕುದಿಯುವ ಸಾಂಬಾರು ಕಾಲಿಗೆ ಬರುವಷ್ಟರಲ್ಲಿ ಗ್ರೈಂಡರಿನ ಮೇಲೆ ಹಾರಿ ಕೂತಿದ್ದ. ಊಟದ ಹಾಲಿನಲ್ಲಿ ಮೇಜುಗಳು ಉರುಳಿದವು, ತಟ್ಟೆಗಳು ಹಾರಿದವು, ಊಟ ಮಾಡುತ್ತಿದ್ದವರು ಕೈ ಎತ್ತಿಕೊಂಡು ಗೋಡೆಗೆ ಅಂಟಿದರು. ಡಾಕ್ಟರಮ್ಮನ ಚಪ್ಪಲಿ ಕಿತ್ತು ಸಾಂಬಾರಿನಲ್ಲಿ ಉಳಿಯಿತು. ಬರಿಗಾಲಿನಲ್ಲಿ ಓಡಿದರು, ಕಾಲಿಗೆ ಬೊಬ್ಬೆ ಬಂದದ್ದು ಅವರಿಗೆ ಸಂಜೆಗೆ ಗೊತ್ತಾಯಿತಂತೆ.

ಆ ತರುಣಿಯ ಕೈ ಮರುದಿನ ಎದ್ದಿತು. ಮ್ಯಾನೇಜ್‌ಮೆಂಟಿಗೆ ಇನ್ನು "ದೇಖತೇ ಹೈಂ" ಎನ್ನಲು ಬಾಯಿ ಇರಲಿಲ್ಲ. ನನ್ನ ಕ್ಯಾಂಟೀನಿನ ಮೂರನೇ ಒಂದು ಭಾಗವನ್ನು ಸೀಳಿ ಹಿಂಬಾಗಿಲಿನಿಂದ ಮುಂಬಾಗಿಲಿಗೆ ನೇರ ಓಣಿ ಮಾಡಿದರು. ಅದು ಸಾಲದೆಂದು ನನ್ನ ದೊಡ್ಡ ಸ್ಟೀಲು ಹರಿವಾಣವನ್ನು ಡಾಕ್ಟರಮ್ಮ ಕೇಳದೆ ಒಯ್ದು ಓಣಿಯ ಬಾಯಲ್ಲಿ ತೂಗುಹಾಕಿದರು. ಆಂಬ್ಯುಲೆನ್ಸಿನಿಂದ ಫೋನು ಬಂದರೆ ಯಾರಾದರೂ ಸೌಟಿನಿಂದ ಅದನ್ನು ಬಾರಿಸಬೇಕು. ಧಣ್ ಧಣ್ ಎಂದರೆ ಸ್ಕ್ಯಾನಿನವರು ಮೇಜು ಖಾಲಿ ಮಾಡುತ್ತಾರೆ, ನಮ್ಮ ಗಿರಾಕಿಗಳು ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ನಾನು ಅವರನ್ನು ಮನಸಾರೆ ದ್ವೇಷಿಸುತ್ತಿದ್ದೆ. ಹರಿವಾಣ ಬಾರಿಸಿದಾಗ ಗಿರಾಕಿಗಳ ಕುರ್ಚಿ ಎಳೆಯಲು ಓಡುತ್ತಿದ್ದೆ ಎಂಬುದೂ ನಿಜ.

ಇನ್ನು ಠಾಣೆ ಹತ್ತಿರದ ಕಳವಾ ಎಂಬ ಊರಿನಿಂದ ಬಂದ ಒಬ್ಬ ಯುವಕನ ವಿಷಯ. ಅವನದು ಕಟ್ಟಡ ಕೆಲಸದ ಕುಟುಂಬ, ವಿಜಯಪುರದ ಕಡೆಯಿಂದ ಬಂದು ಅಲ್ಲಿ ಒಂದು ಕೋಣೆಯಲ್ಲಿ ಇದ್ದವರು. ಒಂದು ಬೆಳಿಗ್ಗೆ ಅಪ್ಪನನ್ನು ತಂದ. ಅಪ್ಪನ ಎಡಭಾಗ ಬಿದ್ದಿತ್ತು. ನಾನು ಓಣಿಯ ಬಾಯಲ್ಲೇ ಇದ್ದೆ. ಡಾಕ್ಟರಮ್ಮ ಎಂದಿನಂತೆ ಹಿಂದಿಯಲ್ಲಿ ಗದರಿದರು. ಆ ಯುವಕ ಗಾಬರಿಯಲ್ಲಿ ತನ್ನ ಭಾಷೆಗೆ ಬಂದುಬಿಟ್ಟ.

"ಯಕ್ಕಾ, ಈಗ ಅರ್ಧ ತಾಸ ಆತ್ರಿ. ನನ್ನ ಕೂಡ ಮಾತಾಡ್ಕೋತ ಚಾ ಕುಡಿಯಾಕತ್ತಿದ್ದ್ರಿ ಯಕ್ಕಾ. ನಮ್ಮಪ್ಪನ್ನ ಉಳಸ್ರಿ."

ನಾನು ಅವರ ಮುಖವನ್ನು ನೋಡಿದೆ. ಅಂಥ ಮುಖವನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಇಷ್ಟು ದೂರದಲ್ಲಿ ತಮ್ಮ ಊರಿನ ಮಾತನ್ನು, ಅದೂ ಯಕ್ಕಾ ಎಂಬ ಕರೆಯನ್ನು, ಅವರು ಎಷ್ಟು ವರ್ಷದಿಂದ ಕೇಳಿರಲಿಲ್ಲವೋ. ಅವನ ಕಾಲರಿಗೆ ಹೋಗಬೇಕಿದ್ದ ಕೈ ಹೆಗಲ ಮೇಲೆ ಹೋಯಿತು. "ಅಂಜಬ್ಯಾಡ ತಮ್ಮಾ" ಎಂದರು. ಎರಡನೆಯ ಸಲ ಕೇಳಲಿಲ್ಲ. ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆಯಲಿಲ್ಲ. ಸ್ಕ್ಯಾನಿನ ಚಿತ್ರದಲ್ಲಿ ತಡವಾದ ಗುರುತು ಕಣ್ಣಿಗೆ ಹೊಡೆಯುವಷ್ಟು ಮೂಡಿರಲಿಲ್ಲವಂತೆ. ಇಂಜೆಕ್ಷನ್ ಕೊಟ್ಟರು.

ಸಂಜೆಗೆ ಮುದುಕನ ತಲೆಯೊಳಗೆ ರಕ್ತ ಸೋರಿತು. ಮರುದಿನ ಬೆಳಿಗ್ಗೆ ಸತ್ತ.

ಮಧ್ಯಾಹ್ನದೊಳಗೆ ಆ ಯುವಕನ ಕಡೆಯವರು ಬಂದರು. ಕಟ್ಟಡದ ಕೆಲಸದಿಂದ ನೇರ ಬಂದವರು, ಕೈಯಲ್ಲಿ ಸರಳು, ಸಲಾಕೆ, ಸೆಂಟ್ರಿಂಗಿನ ಹಲಗೆ. ಮುಂದಿನ ಗೇಟಿನಲ್ಲಿ ಸೆಕ್ಯುರಿಟಿ ಇತ್ತು, ಅಲ್ಲಿ ಹೋಗಿದ್ದರೆ ತಡೆಯಾಗುತ್ತಿತ್ತು. ಆದರೆ ಆ ಯುವಕನಿಗೆ ಹಿಂದಿನ ದಿನ ಬಂದ ದಾರಿ ಗೊತ್ತಿತ್ತು. ಗಲ್ಲಿಯಿಂದ ನನ್ನ ಹಿಂಬಾಗಿಲಿಗೆ, ಹಿಂಬಾಗಿಲಿನಿಂದ ಓಣಿಗೆ, ಓಣಿಯಿಂದ ನೇರ ಸ್ಕ್ಯಾನ್ ಕೋಣೆಗೆ. ರೋಗಿಯನ್ನು ಬೇಗ ಒಯ್ಯಲು ಮಾಡಿದ ದಾರಿ ಅವರನ್ನೂ ಅಷ್ಟೇ ಬೇಗ ಒಯ್ದಿತು.

ಸಂಜೀವ ಉದ್ದನೆಯ ದೋಸೆ ಸಟ್ಟುಗ ಹಿಡಿದು ಅಡ್ಡ ಬಂದ. ಅವನ ಮೊಣಕಾಲಿಗೆ ಹಲಗೆ ಬೀಸಿದರು, ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನನ್ನ ತಲೆಗೆ ಸ್ಟೂಲು ಬಿತ್ತು. ರಕ್ತ ಕಣ್ಣಿಗೆ ಇಳಿದು ಎಲ್ಲವೂ ಕೆಂಪಗೆ ಕಾಣುತ್ತಿತ್ತು. ಆ ಕೆಂಪಿನಲ್ಲೇ ನೋಡಿದೆ, ಡಾಕ್ಟರಮ್ಮ ಸ್ಕ್ಯಾನ್ ಕೋಣೆಯಿಂದ ಹೊರಗೆ ಬಂದರು. ಒಳಗೆ ಮೇಜಿನ ಮೇಲೆ ಇನ್ನೊಬ್ಬ ರೋಗಿ ಇದ್ದ, ಕಲ್ಯಾಣದಿಂದ ಬಂದವನು. ಒಳಗಿದ್ದ ಚಿಕ್ಕ ಡಾಕ್ಟರನಿಗೆ "ಕೊಡು ನೀ ಇಂಜೆಕ್ಷನ್ನು, ಬಾಗಿಲಾ ತೆಗೀಬ್ಯಾಡ" ಎಂದು ಕೂಗಿ, ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತರು.

ಮೊದಲ ಏಟು ಹೆಗಲಿಗೆ. ಎರಡನೆಯದು ತಡೆಯಲು ಎತ್ತಿದ ಕೈಗೆ, ಕೈ ಜೋತುಬಿತ್ತು. ಅವರೂ ಸುಮ್ಮನೆ ಇರಲಿಲ್ಲ, ಒಬ್ಬನ ಹೊಟ್ಟೆಗೆ ಒದ್ದರು, ಇನ್ನೊಬ್ಬನ ಮೂಗಿಗೆ ಹಣೆಯಿಂದ ಗುದ್ದಿದರು. ಆ ಯುವಕ ಅಳುತ್ತಾ ಅವರ ಮುಖಕ್ಕೆ ಗುದ್ದುತ್ತಿದ್ದ. "ನೀನ ಕೊಂದಿ ಯಕ್ಕಾ, ನಮ್ಮಪ್ಪನ್ನ ನೀನ ಕೊಂದಿ" ಎನ್ನುತ್ತಿದ್ದ. ಅವರ ತುಟಿ ಒಡೆದು ರಕ್ತ ಕೊರಳಿಗೆ ಇಳಿಯುತ್ತಿತ್ತು. ಉಳಿದ ಒಂದು ಕೈಯಿಂದ ಅವನ ಕಾಲರು ಹಿಡಿದರು. ಹಿಂದಿನ ದಿನ ಹಿಡಿಯದ ಕಾಲರು ಅದು. ಮುಖಕ್ಕೆ ಮುಖವಿಟ್ಟು ಕೇಳಿದರು.

"ಖರೇ ಹೇಳ. ಕಡೀಕ ಯಾವಾಗ ಚಲೋ ಇದ್ದ ನಿಮ್ಮಪ್ಪ?"

ಅವನು ಮತ್ತೆ ಗುದ್ದಿದ. ಅವರು ಬಿಡಲಿಲ್ಲ.

"ಹೊಡಿ ಬೇಕಾದಷ್ಟ. ಖರೇ ಹೇಳ. ಯಾವಾಗ?"

ಎತ್ತಿದ ಮುಷ್ಟಿ ಅಲ್ಲೇ ನಿಂತಿತು. "ರಾತ್ರೀನ ಬಿದ್ದಿದ್ದ್ರಿ ಯಕ್ಕಾ" ಎಂದ. "ಕುಡದು ಬಿದ್ದಾನ ಅಂತ ಬಿಟ್ಟವಿ. ಬೆಳಿಗ್ಗೆ ಎಣ್ಣಿ ತಿಕ್ಕಿದ್ವಿ. ರಾತ್ರಿದು ಅಂದ್ರ ದವಾಖಾನ್ಯಾಗ ತಗೊಳ್ಳೂದಿಲ್ಲ, ಈಗ ಅಂತ ಹೇಳ್ರಿ ಅಂತ ಬಾಜೂದವ್ರು ಹೇಳಿದ್ರು..." ಹೇಳುತ್ತಾ ಹೇಳುತ್ತಾ ಅವರ ಕಾಲ ಬುಡದಲ್ಲೇ ಕುಸಿದು ಕೂತ. ಆದರೆ ಹಿಂದಿದ್ದವನಿಗೆ ಇದು ಕೇಳಿಸಿರಲಿಲ್ಲ. ಅವನು ಬೀಸಿದ ಸರಳು ಡಾಕ್ಟರಮ್ಮನ ದವಡೆಗೆ ಬಿತ್ತು. ಬಾಗಿಲಿಗೆ ಒರಗಿಕೊಂಡೇ ಕೆಳಗೆ ಜಾರಿದರು. ಬಾಗಿಲು ತೆರೆಯಲಿಲ್ಲ. ಒಳಗಿನ ಕಲ್ಯಾಣದವನಿಗೆ ಇಂಜೆಕ್ಷನ್ ಬಿದ್ದಿತ್ತು.

ಆ ದಿನದ ಬಗ್ಗೆ ಅವರು ನನ್ನೊಡನೆ ಮಾತಾಡಿದ್ದು ಒಂದೇ ಸಲ, ಬಹಳ ತಿಂಗಳುಗಳ ಮೇಲೆ, ಮೊಸರನ್ನ ಕಲಸುತ್ತಾ. "ಊರ ಮಾತ ಕೇಳಿ ಕರಗಿಬಿಟ್ನ್ರಿ ಶೆಟ್ರ. ಒಂದ ಸಲ ಕೇಳಿ ಬಿಟ್ನಿ. ಆ ಮುದುಕನ್ನ ಕೊಂದಿದ್ದು ಅವರ ಸುಳ್ಳಲ್ಲ, ನನ್ನ ಮೆತ್ತನ ಮಾತು." "ಅಲ್ಲ" ಎಂದು ನಾನು ಹೇಳಲು ಹೋದೆ. "ಉಣ್ಣಾಕ ಬಿಡ್ರಿ" ಎಂದು ಗದರಿದರು. ಆಮೇಲೆ ಯಾರು ಯಾವ ಭಾಷೆಯಲ್ಲಿ ಬಂದರೂ ಮೂರು ಸಲ ಕೇಳುತ್ತಿದ್ದರು, ಕನ್ನಡದವರನ್ನು ನಾಲ್ಕು ಸಲ.

ಗಲಾಟೆಯಾಗಿ ಸ್ವಲ್ಪ ದಿನಕ್ಕೆ ಮ್ಯಾನೇಜರು ನಗುತ್ತಾ ಬಂದ. "ಶೆಟ್ಟಿ ಸಾಬ್, ಆಪ್ಕಾ ಜಗಾ ಆಪ್ಕೋ ವಾಪಸ್. ಖುಷ್?" ಓಣಿಯಿಂದಲೇ ಗೂಂಡಾಗಳು ಬಂದದ್ದು, ಆದ್ದರಿಂದ ಗಲ್ಲಿಯ ಕಡೆ ಇಟ್ಟಿಗೆ ಗೋಡೆ ಎಬ್ಬಿಸಿ ಮುಚ್ಚಿಬಿಡುತ್ತೇವೆ, ರೋಗಿಗಳು ಹಳೆಯ ದಾರಿಯಲ್ಲೇ ಹೋಗಲಿ, ತರಕಾರಿಗೆ ಪಕ್ಕದಲ್ಲಿ ಸಣ್ಣ ಬಾಗಿಲು ಕೊಡುತ್ತೇವೆ ಎಂದ. ಖುಷಿಯಾಯಿತೇ ಎಂದರೆ ಆಯಿತು. ತಲೆಗೆ ಹೊಲಿಗೆ ಹಾಕಿಸಿಕೊಂಡವನಿಗೆ, ಅಡುಗೆಯವನ ಕಾಲು ಮುರಿಸಿಕೊಂಡವನಿಗೆ ಯಾಕೆ ಖುಷಿಯಾಗಬಾರದು? ಹೊಸ ಮೇಜುಗಳನ್ನೂ ತರಿಸಿದೆ.

ಗಾರೆಯವರು ಬೆಳಿಗ್ಗೆ ಕೆಲಸ ಶುರುಮಾಡಿದರು. ಗೋಡೆ ಸೊಂಟದ ಎತ್ತರಕ್ಕೆ ಬಂದಿತ್ತು, ಗಾರೆ ಇನ್ನೂ ಹಸಿ. ನಾನು ಕಾಲಿನ ಮೇಲೆ ಕಾಲು ಹಾಕಿ ಕೂತು ನೋಡುತ್ತಿದ್ದೆ. ಮೇಲಿನ ವಾರ್ಡಿನಿಂದ ಡಾಕ್ಟರಮ್ಮ ಇಳಿದು ಬಂದರು. ರೋಗಿಗಳ ನೀಲಿ ಗೌನು, ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ, ಮುರಿದ ದವಡೆಯನ್ನು ತಂತಿಯಿಂದ ಬಿಗಿದು ಬಾಯಿ ಮುಚ್ಚಿದೆ. ಜೀವಮಾನವಿಡೀ ಕೂಗಿದ ಹೆಂಗಸಿಗೆ ಮಾತೇ ಇಲ್ಲ. ಗೋಡೆಯನ್ನು ನೋಡಿದರು. ನನ್ನ ಹೊಸ ಮೇಜುಗಳನ್ನು ನೋಡಿದರು. ನನ್ನನ್ನು ನೋಡಲಿಲ್ಲ.

ಆಗ ಹರಿವಾಣ ಧಣ್ ಧಣ್ ಎಂದಿತು. ಅದನ್ನು ಇಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಫೋನು ಬಂದ ಕೂಡಲೇ ನರ್ಸು ಅಭ್ಯಾಸಬಲದಿಂದ ಹೊಡೆದಿದ್ದಳು. ಹೊಡೆದ ಬೆನ್ನಿಗೇ ಆಂಬ್ಯುಲೆನ್ಸು ಗಲ್ಲಿಯಲ್ಲಿ ನಿಂತಿತು. ಡೊಂಬಿವಿಲಿಯ ಒಂದು ಶಾಲೆಯ ಟೀಚರಮ್ಮ, ಪಾಠ ಮಾಡುತ್ತಿದ್ದಾಗ ಬಿದ್ದವರು, ಕೈಯಲ್ಲಿ ಇನ್ನೂ ಚಾಕ್‌ಪುಡಿ. ಸ್ಟ್ರೆಚರ್ ರೂಢಿಯಂತೆ ಓಡಿ ಬಂದು ಗೋಡೆಗೆ ಬಡಿಯಿತು. "ಘೂಮ್ ಕೇ ಜಾವೋ, ಮೇನ್ ಗೇಟ್ ಸೇ" ಎಂದು ಸೆಕ್ಯುರಿಟಿಯವನು ಸುತ್ತುದಾರಿಯ ಕಡೆ ಕೈ ತೋರಿಸಿದ. ಟೀಚರ ಜೋತ ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಗಂಡ ಗೋಡೆಯ ಆಚೆಯಿಂದ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿದ್ದ.

ಡಾಕ್ಟರಮ್ಮ ಗೋಡೆಗೆ ಒದ್ದರು. ಆಸ್ಪತ್ರೆಯ ರಬ್ಬರು ಚಪ್ಪಲಿಯ ಕಾಲು, ಊಟವಿಲ್ಲದೆ ಸೊರಗಿದ ಮೈ. ಗೋಡೆ ಅಲುಗಲಿಲ್ಲ, ಅವರೇ ತತ್ತರಿಸಿದರು. ಮತ್ತೆ ಒದ್ದರು. ಕಟ್ಟಿದ ಬಾಯಿಯೊಳಗಿಂದ ಒಂದು ಸದ್ದು ಬಂತು, ಪ್ರಾಣಿಯ ಸದ್ದು. ಮೂರನೆಯ ಸಲ ಕಾಲು ಎತ್ತಿದಾಗ ನಾನು ಅವರನ್ನು ತಳ್ಳಿದೆ. ಹೌದು, ಮುರಿದ ಕೈಯ ಆ ಹೆಂಗಸನ್ನು ನಾನು ಪಕ್ಕಕ್ಕೆ ತಳ್ಳಿದೆ. "ಸರೀರಿ ಡಾಕ್ಟ್ರೆ!" ಎಂದು ಕಿರುಚಿದೆ.

ನನ್ನ ಹೊಸ ಮೇಜೊಂದನ್ನು ತಲೆಕೆಳಗು ಮಾಡಿ ಅದರ ಅಂಚಿನಿಂದ ಗೋಡೆಗೆ ಗುದ್ದಿದೆ. ಇಟ್ಟಿಗೆ ಅಲುಗಿತು. ಇನ್ನೊಮ್ಮೆ ಗುದ್ದಿದೆ, ಮೇಜಿನ ಕಾಲು ಮುರಿಯಿತು. ಗಿರಾಕಿಗಳಿಬ್ಬರು ಎದ್ದು ಬಂದು ಒದ್ದರು. ಗಾರೆಯವನೇ ಸುತ್ತಿಗೆ ಎತ್ತಿಕೊಂಡ, ಬೆಳಿಗ್ಗೆಯಿಂದ ಕಟ್ಟಿದ್ದನ್ನು ತಾನೇ ಒಡೆದ. ಹಸಿ ಗಾರೆಯ ಸಮೇತ ಗೋಡೆ ಓಣಿಯೊಳಗೆ ಬಿತ್ತು. ಇಟ್ಟಿಗೆಗಳ ಮೇಲೆ ಗಾಲಿ ಉರುಳುವುದಿಲ್ಲ, ಸ್ಟ್ರೆಚರನ್ನು ನಾಲ್ಕು ಜನ ಎತ್ತಿ ದಾಟಿಸಿದೆವು. ನನ್ನ 'ಖುಷ್' ಎಲ್ಲವೂ ಆ ಧೂಳಿನಲ್ಲಿ ಹೋಯಿತು. ನನ್ನ ಊಟದ ಹಾಲನ್ನು ಸೀಳಿಕೊಂಡು ಟೀಚರು ಸ್ಕ್ಯಾನ್ ಕೋಣೆ ಸೇರಿದರು. ಡಾಕ್ಟರಮ್ಮ ಗೌನಿನಲ್ಲೇ ಅವರ ಹಿಂದೆ ಓಡಿದರು. ಟೀಚರ ಗಂಡನನ್ನು ವಿಚಾರಿಸಲು ಅವರಿಗೆ ಬಾಯಿಯಿರಲಿಲ್ಲ, ಹೆಬ್ಬೆರಳನ್ನು ಅವನ ಎದೆಗೆ ಕುಕ್ಕಿ ಕುಕ್ಕಿ ಚಿಕ್ಕ ಡಾಕ್ಟರನಿಂದ ಮೂರು ಸಲ ಕೇಳಿಸಿದರು.

ಆ ಗೋಡೆಯನ್ನು ಮತ್ತೆ ಯಾರೂ ಕಟ್ಟಲಿಲ್ಲ. ಓಣಿಗೆ ಕಬ್ಬಿಣದ ಜಾಲರಿ ಬಾಗಿಲು ಹಾಕಿ ಒಬ್ಬ ಕಾವಲುಗಾರನನ್ನು ಕೂರಿಸಿದರು, ನಾನು ಅವನಿಗೆ ಚಹಾ ಕೊಟ್ಟುಕೊಂಡಿದ್ದೇನೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ಮಧ್ಯಾಹ್ನದ ವಿಷಯ. ಎಲ್ಲ ಮುಗಿದ ಮೇಲೆ ನಾನು ಬಗ್ಗಿ ಇಟ್ಟಿಗೆ ಹೆಕ್ಕುತ್ತಿದ್ದೆ. ಹಿಂದಿನಿಂದ ಯಾರೋ ಬಂದ ಸದ್ದಾಯಿತು. ತಿರುಗುವಷ್ಟರಲ್ಲಿ ಬೆನ್ನಿನ ಮೇಲೆ ಧಬ್ ಎಂದು ಒಂದು ಏಟು ಬಿತ್ತು. ಮುರಿಯದೆ ಉಳಿದ ಒಂದೇ ಕೈಯ ಏಟು, ನಾನು ಇಟ್ಟಿಗೆಗಳ ಮೇಲೆ ಮುಗ್ಗರಿಸಿ ಬಿದ್ದೆ. ಎರಡು ಸಲ ಅಲ್ಲ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದೆ. ಅವರು ತಂತಿ ಬಿಗಿದ ಬಾಯಿಯೊಳಗಿಂದ ಏನೋ ಅಂದರು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಬೈಗುಳವೇ ಇರಬೇಕು. ತೋಳಿನ ಕಲೆಯನ್ನು ಕೇಳಿದವರಿಗೆಲ್ಲ ತೋರಿಸಬಹುದು. ಬೆನ್ನಿನ ಮೇಲೆ ತೋರಿಸಲು ಏನೂ ಉಳಿದಿಲ್ಲ, ಅದಕ್ಕೇ ಇಷ್ಟು ಬರೆದೆ.